ನಾಗಬನದ ಜೀರ್ಣೋದ್ಧಾರಕ್ಕೆ ಮರ ಕಡಿಯಲೇಬೇಕೇ?

ಪ್ರಶ್ನೆ: ನಮ್ಮದು ಬಂಟ್ವಾಳ ತಾಲೂಕಿನ ಒಂದು ಹಳ್ಳಿ. ಕುಟುಂಬದ ಮೂಲನಾಗನ ಬನ ಸುಮಾರು 20 ಸೆಂಟ್ಸ್ ಜಾಗದಲ್ಲಿದೆ. ಅದರಲ್ಲಿ ಒಂದು ದೊಡ್ಡ ಧೂಪದ ಮರ, ಎರಡು ಹಾಳೆ ಮರ, ರೆಂಜೆ, ಕಾಸರಕ, ಬೆತ್ತದ ಪೊದೆ, ಹೆಸರು ಗೊತ್ತಿಲ್ಲದ ಅನೇಕ ಬಳ್ಳಿಗಳಿವೆ. ಕಳೆದ ಮಳೆಗಾಲದಲ್ಲಿ ಒಂದು ಕೊಂಬೆ ಮುರಿದು ನಾಗನ ಕಲ್ಲುಗಳ ಪಕ್ಕದಲ್ಲೇ ಬಿತ್ತು. ಆಮೇಲೆ ಜ್ಯೋತಿಷಿಗಳಲ್ಲಿ ಪ್ರಶ್ನೆ ಇಟ್ಟಾಗ ಜೀರ್ಣೋದ್ಧಾರ ಆಗಬೇಕೆಂದು ಕಂಡುಬಂತು. ಈಗ ಮುಂಬೈಯಲ್ಲಿರುವ ಅಣ್ಣಂದಿರು ಹಣ ಹಾಕಿ, ಮರಗಳನ್ನು ತೆಗೆಸಿ, ಗ್ರಾನೈಟ್ ಕಟ್ಟೆ, ಸುತ್ತ ಇಂಟರ್‌ಲಾಕ್, ಆವರಣ ಗೋಡೆ ಮಾಡಿಸಲು ಹೊರಟಿದ್ದಾರೆ. ಮಕ್ಕಳು ಓಡಾಡುವ ಜಾಗ, ಹಾವಿನ ಭಯ ಇರಬಾರದು ಎನ್ನುತ್ತಾರೆ. ಕಡಿದಷ್ಟೇ ಗಿಡಗಳನ್ನು ಗುಡ್ಡೆಯಲ್ಲಿ ನೆಡುತ್ತಾರಂತೆ. ಕಾಲೇಜಿಗೆ ಹೋಗುವ ನನ್ನ ಮಗ, ‘ಇಡೀ ವಿಷಯವೇ ಮೂಢನಂಬಿಕೆ, 20 ಸೆಂಟ್ಸ್ ಉಳಿಸಿ ಪರಿಸರಕ್ಕೆ ಏನು ಲಾಭ’ ಎಂದು ಕೇಳುತ್ತಾನೆ. ನನಗೆ ಬನ ಉಳಿಯಬೇಕು. ಆದರೆ ದೇವರ ಕಾರ್ಯಕ್ಕೆ ಅಡ್ಡ ಬಂದವಳು ಎನಿಸಿಕೊಳ್ಳಲು ಮನಸ್ಸಿಲ್ಲ. ನಂಬಿಕೆಯಿಂದ ಕಾಡು ನಿಜವಾಗಿ ಉಳಿಯುತ್ತದೆಯೇ? ನಾನು ಏನು ಮಾಡಬಹುದು?

– ಹೆಸರು ಬೇಡ, ದಕ್ಷಿಣ ಕನ್ನಡ

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಚಿಂತೆಗಳು ಒಂದಕ್ಕೊಂದು ಹೆಣೆದುಕೊಂಡಿವೆ. ನಂಬಿಕೆ ಕಾಡನ್ನು ಕಾಯುತ್ತದೆಯೇ ಎಂಬುದು ಒಂದು, ಅಷ್ಟು ಸಣ್ಣ ಬನಕ್ಕೆ ಪರಿಸರದ ದೃಷ್ಟಿಯಿಂದ ಬೆಲೆಯಿದೆಯೇ ಎಂಬುದು ಇನ್ನೊಂದು, ಮನೆಯವರ ಮನಸ್ಸು ನೋಯದಂತೆ ಅದನ್ನು ಉಳಿಸಿಕೊಳ್ಳುವ ದಾರಿ ಯಾವುದು ಎಂಬುದು ಮೂರನೆಯದು. ಕರಾವಳಿಯ ಬನಗಳನ್ನೂ ಮಲೆನಾಡಿನ ಕಾನುಗಳೆಂಬ ದಟ್ಟ ಕಾಡುಗಳನ್ನೂ ವೃತ್ತಿಯಿಂದ ಅಭ್ಯಾಸ ಮಾಡುತ್ತ ಬಂದವನಾಗಿ ನನಗೆ ಇಂಥ ಪ್ರಶ್ನೆಗಳು ಈಚೆಗೆ ಹೆಚ್ಚಾಗಿ ಬರುತ್ತಿವೆ. ಅವುಗಳ ಹಿಂದಿರುವುದು ಹೆಚ್ಚು ಕಡಿಮೆ ಒಂದೇ ಸಂಕಟ. ಬನವನ್ನು ಕಡಿಯಲು ಹೊರಟವರು ನಾಸ್ತಿಕರಲ್ಲ, ಭಕ್ತರೇ. ಆದ್ದರಿಂದ ಭಕ್ತಿಯಿದ್ದರೆ ಮರ ಉಳಿಯುತ್ತದೆ ಎಂಬ ಸರಳ ಮಾತನ್ನು ಮೊದಲು ಪರೀಕ್ಷಿಸಬೇಕು.

1801ರಲ್ಲಿ ಕಾರವಾರದ ಕಡೆ ಪ್ರವಾಸ ಮಾಡಿದ ಬ್ರಿಟಿಷ್ ಸಮೀಕ್ಷಕ ಫ್ರಾನ್ಸಿಸ್ ಬುಕಾನನ್ ಅಲ್ಲಿನ ಕಾಡುಗಳು ಆಯಾ ಊರಿನ ದೇವರ ಸ್ವತ್ತು ಎಂದು ಜನ ಭಾವಿಸಿರುವುದನ್ನು ದಾಖಲಿಸಿದ್ದಾನೆ. ಮರ ಕಡಿಯಬೇಕಾದರೆ ಊರಿನ ಗೌಡನ ಅಪ್ಪಣೆ ಬೇಕಿತ್ತು. ಗ್ರಾಮದೇವರ ಪೂಜಾರಿಯೂ ಅವನೇ. ಅಪ್ಪಣೆಗೆ ದೇವರು ಏನನ್ನೂ ಪಡೆಯುತ್ತಿರಲಿಲ್ಲ, ಆದರೆ ಕೇಳದೆ ಕಡಿದವನಿಗೆ ದೇವರ ಕೋಪ ತಪ್ಪದು ಎಂಬ ನಂಬಿಕೆಯಿತ್ತು. ಸರ್ಕಾರ ಕಾಡಿನ ಮೇಲೆ ಹಕ್ಕು ಸಾಧಿಸದಿರಲಿ ಎಂದು ಜನ ಹೂಡಿದ ಉಪಾಯವಿದು ಎಂಬುದು ಬುಕಾನನ್‌ನ ಗುಮಾನಿ. ಅದನ್ನು ಬದಿಗಿಟ್ಟು ಅವನು ಕಂಡದ್ದನ್ನಷ್ಟೇ ನೋಡೋಣ. ಆ ವ್ಯವಸ್ಥೆಯಲ್ಲಿ ಮರವನ್ನು ಮುಟ್ಟಲೇಬಾರದು ಎಂಬ ನಿಷೇಧವಿರಲಿಲ್ಲ, ಕೇಳಿ ಮುಟ್ಟಬೇಕು ಎಂಬ ಕಟ್ಟಳೆಯಿತ್ತು. ಕೇಳಬೇಕಾದ ವ್ಯಕ್ತಿ ಅದೇ ಊರಿನಲ್ಲಿದ್ದ.

ಉತ್ತರ ಕನ್ನಡ, ಶಿವಮೊಗ್ಗ ಕಡೆಯ ಕಾನುಗಳಲ್ಲೂ ಹೀಗೆಯೇ ಇತ್ತು. ಜನ ಕಾನಿನಿಂದ ಕಾಳುಮೆಣಸು, ಬಗನಿ, ಜೇನು ತಂದರು, ಒಣ ಸೌದೆ ಆರಿಸಿದರು, ಆದರೆ ಹಸಿ ಮರಕ್ಕೆ ಕೊಡಲಿ ಹಾಕಲಿಲ್ಲ. ಹೊನ್ನಾವರದಿಂದ ಜೋಗದ ಕಡೆ ಹೋಗುವ ದಾರಿಯಲ್ಲಿರುವ ಸಿದ್ದಾಪುರ ತಾಲೂಕಿನ ಕತ್ತಲೆಕಾನಿನಲ್ಲಿ ಕಾಡುಜಾಯಿಕಾಯಿಯ ಜೌಗು ಇಂದಿಗೂ ಉಳಿದಿದೆ. ಗೇರಿನ ಕುಟುಂಬಕ್ಕೆ ಸೇರಿದ, ಅಲ್ಲಿಯವರೆಗೆ ವಿಜ್ಞಾನಕ್ಕೆ ತಿಳಿದೇ ಇರದಿದ್ದ ಮರವೊಂದನ್ನು 2000ದಲ್ಲಿ ಅಲ್ಲಿಂದ ವಿವರಿಸಿ, ಆ ಕಾನಿನ ಹೆಸರನ್ನೇ ಅದಕ್ಕೆ ಇಡಲಾಯಿತು. ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ ಮತ್ತು ಸಸ್ಯಶಾಸ್ತ್ರಜ್ಞ ವಿ.ಡಿ. ವರ್ತಕ್ ಅವರು 1970ರ ದಶಕದಲ್ಲಿ ಪಶ್ಚಿಮಘಟ್ಟದ ದೇವರಕಾಡುಗಳ ಬಗ್ಗೆ ಬರೆಯಲು ತೊಡಗಿದ ಮೇಲೆ ಈ ವಿಷಯ ವಿದ್ವತ್‌ವಲಯದ ಗಮನಕ್ಕೆ ಬಂತು. ಊರಿನವರಿಗೆ ಅದು ಎಂದೂ ಹೊಸ ವಿಷಯವಾಗಿರಲಿಲ್ಲ.

ಇನ್ನು ಕೊಡಗನ್ನು ನೋಡಿ. ಅಲ್ಲಿ ಇಂದು 1,200ಕ್ಕೂ ಹೆಚ್ಚು ದೇವರಕಾಡುಗಳಿವೆ. ಅಯ್ಯಪ್ಪ, ಭಗವತಿ, ಮಹಾದೇವ ಹೀಗೆ ಒಂದೊಂದಕ್ಕೆ ಒಬ್ಬೊಬ್ಬ ದೇವರು, ವರ್ಷಕ್ಕೊಮ್ಮೆ ಹಬ್ಬ, ಅಯ್ಯಪ್ಪನಿಗೆ ಮಣ್ಣಿನ ನಾಯಿಯ ಹರಕೆ. ಭಕ್ತಿಗೆ ಅಲ್ಲಿ ಕೊರತೆಯಿಲ್ಲ. ಆದರೂ 20ನೇ ಶತಮಾನದ ಆರಂಭದಲ್ಲಿ 6,000 ಹೆಕ್ಟೇರಿಗೂ ಮಿಕ್ಕಿದ್ದ ದೇವರಕಾಡುಗಳ ಒಟ್ಟು ವಿಸ್ತೀರ್ಣ 1985ರ ಹೊತ್ತಿಗೆ ಸುಮಾರು 2,500 ಹೆಕ್ಟೇರಿಗೆ ಇಳಿದಿತ್ತು. ಕಂದಾಯ ಇಲಾಖೆಯ ಸುಪರ್ದಿಯಲ್ಲಿದ್ದ ಆ ದಶಕಗಳಲ್ಲಿ ಕಾಫಿ ತೋಟಗಳು ಅಂಚಿನಿಂದ ಒಳಗೆ ಸರಿದವು, ಮನೆಗಳೆದ್ದವು, ಗಡಿಕಲ್ಲುಗಳು ಮಾಯವಾದವು. ದೇವರ ಹಬ್ಬ ಮಾತ್ರ ನಿಲ್ಲಲಿಲ್ಲ. ನನ್ನ ತಿಳಿವಳಿಕೆಯಲ್ಲಿ ಇಡೀ ವಿಷಯದ ಗಂಟು ಇರುವುದು ಇಲ್ಲಿಯೇ. ಕಾಡನ್ನು ಉಳಿಸಿದ್ದು ನಂಬಿಕೆಯ ಜೊತೆಗಿದ್ದ ಕಟ್ಟಳೆ ಮತ್ತು ಅದನ್ನು ದಿನವೂ ಕಣ್ಣಿಟ್ಟು ಕಾಯುವ ಜನ. ಅವೆರಡೂ ಸಡಿಲಗೊಂಡಲ್ಲಿ ನಂಬಿಕೆ ಒಂದು ಕಲ್ಲಿನ ಸುತ್ತ, ಒಂದು ಗುಡಿಯ ಒಳಗೆ ಸುಖವಾಗಿಯೇ ಮುಂದುವರಿಯುತ್ತದೆ, ಕಾಡು ಹೊರಗೆ ಉಳಿದು ಕರಗುತ್ತದೆ.

ನಿಮ್ಮ ಬನಕ್ಕೆ ಈಗ ಬಂದಿರುವ ಸ್ಥಿತಿಯೂ ಅದೇ, ಮತ್ತು ಅದಕ್ಕಾಗಿ ನಿಮ್ಮ ಅಣ್ಣಂದಿರನ್ನು ದೂರುವುದು ನ್ಯಾಯವಲ್ಲ. ವರ್ಷಕ್ಕೊಮ್ಮೆ ನಾಗನ ಪೂಜೆಯಾದ ತಂಬಿಲಕ್ಕೋ ನಾಗರಪಂಚಮಿಗೋ ಬಂದು ಹೋಗುವವರಿಗೆ ಬನವೆಂದರೆ ಅರ್ಧ ಗಂಟೆ ನಿಲ್ಲುವ ಜಾಗ. ಆ ಅರ್ಧ ಗಂಟೆಯಲ್ಲಿ ತರಗೆಲೆ ಕಸವಾಗಿ, ಬಳ್ಳಿ ಅಡ್ಡಿಯಾಗಿ, ನೆರಳು ಕತ್ತಲೆಯಾಗಿ ಕಾಣುತ್ತದೆ. ಊರು ಬಿಟ್ಟವರಿಗೆ ಊರಿನ ದೇವರಿಗೆ ಏನಾದರೂ ಮಾಡಬೇಕೆಂಬ ಹಂಬಲ ಸಹಜವಾಗಿ ಹೆಚ್ಚು. ಮಾಡಿದ್ದು ಕಣ್ಣಿಗೆ ಕಾಣಬೇಕೆಂಬ ಆಸೆಯೂ ಮನುಷ್ಯಸಹಜವೇ. ಗ್ರಾನೈಟ್ ಕಟ್ಟೆ ಕಾಣುತ್ತದೆ, ಕಡಿಯದೆ ಬಿಟ್ಟ ಮರಕ್ಕೆ ರಶೀದಿ ಹರಿಯುವವರು ಯಾರೂ ಇಲ್ಲ. ಇದಕ್ಕಿಂತ ಗಂಭೀರವಾದ ಇನ್ನೊಂದು ಬದಲಾವಣೆಯನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಹಿಂದೆ ದೋಷದ ಭಯ ಕೈಯನ್ನು ತಡೆಯುತ್ತಿತ್ತು. ಈಗ ಪ್ರಾಯಶ್ಚಿತ್ತವನ್ನು ಮೊದಲೇ ಮಾಡಿಸಿ, ಅದರ ಖರ್ಚನ್ನು ಅಂದಾಜುಪಟ್ಟಿಯಲ್ಲೇ ಸೇರಿಸಿ, ಬಳಿಕ ನಿಶ್ಚಿಂತೆಯಿಂದ ಮರ ಕಡಿಯುತ್ತಾರೆ. ಹೀಗಾಗಿ, ‘ಮರ ಮುಟ್ಟಿದರೆ ದೋಷ’ ಎಂದು ಮನೆಯವರನ್ನು ಹೆದರಿಸುವ ದಾರಿಯನ್ನು ನೀವು ಹಿಡಿಯಬೇಡಿ. ಆ ಭಯಕ್ಕೆ ಪರಿಹಾರ ಆಗಲೇ ಸಿದ್ಧವಾಗಿದೆ.

ಇನ್ನು ನಿಮ್ಮ ಮಗನ ಪ್ರಶ್ನೆ. ಅದನ್ನು ತಳ್ಳಿಹಾಕಬೇಡಿ, ಪ್ರಾಮಾಣಿಕ ಪ್ರಶ್ನೆ ಅದು. 20 ಸೆಂಟ್ಸ್ ಎಂದರೆ ಸುಮಾರು 800 ಚದರ ಮೀಟರ್. ಅಷ್ಟು ಜಾಗದಲ್ಲಿ ಪರಿಪೂರ್ಣ ಕಾಡು ಇರಲಾರದು. ಅಂಚಿನಿಂದ ಬಿಸಿಲು, ಗಾಳಿ ನುಗ್ಗಿ ನೆಲ ಒಣಗುತ್ತದೆ, ಕಮ್ಯುನಿಸ್ಟ್ ಗಿಡವೆಂಬ ಕಳೆ ಹಬ್ಬುತ್ತದೆ, ದೊಡ್ಡ ಪ್ರಾಣಿಗಳಿಗೆ ನೆಲೆಯಿಲ್ಲ. ಸಣ್ಣ ಬನದ ಬಗ್ಗೆ ಅತಿಯಾಗಿ ಹೇಳಿಕೊಳ್ಳುವುದು ಸರಿಯಲ್ಲ. ನಿಮ್ಮ ಬನವೊಂದೇ ಊರಿನ ಬಾವಿಗಳನ್ನೆಲ್ಲ ತುಂಬಿಸುತ್ತದೆ ಎಂಬಂಥ ಮಾತನ್ನು ಯಾರಾದರೂ ಹೇಳಿದರೆ ನಂಬಬೇಡಿ. ತರಗೆಲೆಯ ಹಾಸಿಗೆಯಿರುವ ಮುರಕಲ್ಲಿನ (ಜಂಬಿಟ್ಟಿಗೆಯ) ನೆಲ ಮಳೆನೀರನ್ನು ಇಂಗಿಸುತ್ತದೆ, ಇಂಟರ್‌ಲಾಕ್ ಹಾಕಿದ ನೆಲದಿಂದ ಬಹುಪಾಲು ನೀರು ತೋಡಿಗೆ ಹರಿದುಹೋಗುತ್ತದೆ ಎಂಬಷ್ಟನ್ನು ಮಾತ್ರ ಖಚಿತವಾಗಿ ಹೇಳಬಹುದು.

ಹಾಗಾದರೆ ಲಾಭವೇನು? ನಿಮ್ಮ ಧೂಪದ ಮರವನ್ನೇ ತೆಗೆದುಕೊಳ್ಳಿ. ಪಶ್ಚಿಮಘಟ್ಟದ ಸೀಮೆಯನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಅದು ತಾನಾಗಿ ಬೆಳೆಯುವುದಿಲ್ಲ. ನಿತ್ಯಹರಿದ್ವರ್ಣ ಕಾಡಿನ ಅನೇಕ ಮರಗಳಂತೆ ಅದರ ಬೀಜವೂ ಒಣಗಿಸಿ ಡಬ್ಬದಲ್ಲಿ ತೆಗೆದಿಡಲು ಬರುವಂಥದ್ದಲ್ಲ. ಬಿದ್ದ ಕೆಲವೇ ದಿನ ಅಥವಾ ವಾರಗಳಲ್ಲಿ ತಂಪಾದ, ತೇವವಿರುವ, ನೆರಳಿನ ನೆಲದಲ್ಲಿ ಮೊಳೆಯಬೇಕು, ಇಲ್ಲವಾದರೆ ಸಾಯುತ್ತದೆ. ಮಣ್ಣಿನೊಳಗೆ ವರ್ಷಗಟ್ಟಲೆ ಮಲಗಿದ್ದು ಮುಂದೆಂದೋ ಏಳುವ ಶಕ್ತಿ ಅದಕ್ಕಿಲ್ಲ. ಹೀಗಾಗಿ ತಾಯಿಮರ ಹೋದರೆ ಆ ಜಾಗದಲ್ಲಿ ಆ ಸಂತತಿ ಮುಗಿದಂತೆಯೇ. ಸುತ್ತ ರಬ್ಬರ್, ಅಡಿಕೆ ಬಂದಿರುವ ಸೀಮೆಯಲ್ಲಿ ಇಂಥ ತಾಯಿಮರಗಳು ಉಳಿದಿರುವುದೇ ಬನಗಳಲ್ಲಿ. ಹಣ್ಣು ತಿನ್ನುವ ಬಾವಲಿ, ಪುನುಗಿನ ಬೆಕ್ಕು, ಹಕ್ಕಿಗಳು ಒಂದು ಬನದಿಂದ ಇನ್ನೊಂದಕ್ಕೆ ಬೇರೆ ಬೇರೆ ಮರಗಳ ಬೀಜ ಸಾಗಿಸುತ್ತವೆ. ಕೊಡಗಿನಲ್ಲಿ ದೇವರಕಾಡು, ಕಾಫಿ ತೋಟ ಮತ್ತು ಕಾಯ್ದಿಟ್ಟ ಅರಣ್ಯಗಳನ್ನು ಹೋಲಿಸಿ 2005ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಕೆಲವು ಸ್ಥಳೀಯ ಮರಗಳು ದೇವರಕಾಡುಗಳಲ್ಲಿ ಮಾತ್ರ ಕಂಡುಬಂದವು. ಒಂದು ಬನದ ಬೆಲೆಯನ್ನು ಅದರ ಸೆಂಟ್ಸ್ ಲೆಕ್ಕದಲ್ಲಿ ಅಳೆಯಲಾಗದು. ಅಕ್ಕಪಕ್ಕದ ಊರುಗಳಲ್ಲಿ ಇನ್ನೆಷ್ಟು ಬನಗಳು ಉಳಿದಿವೆ ಎಂಬುದರ ಮೇಲೆ ಅದು ನಿಂತಿದೆ.

ಕಡಿದಷ್ಟೇ ಗಿಡ ನೆಡುತ್ತೇವೆ ಎಂಬ ಮಾತಿಗೂ ಇದರಲ್ಲೇ ಉತ್ತರವಿದೆ. ಬೋಳುಗುಡ್ಡೆಯ ಬಿಸಿಲಿನಲ್ಲಿ ಧೂಪ, ಬೆತ್ತ, ಕಾಡುಬಳ್ಳಿಗಳು ನೆಟ್ಟ ಕೂಡಲೇ ಏಳುವುದಿಲ್ಲ. ಅಲ್ಲಿ ಬದುಕುವುದು ಬಹುಮಟ್ಟಿಗೆ ಬಿಸಿಲು ತಾಳುವ ಬೇರೆ ಗಿಡಗಳು. ಗುಡ್ಡೆಯಲ್ಲಿ ಗಿಡ ನೆಡುವುದು ಒಳ್ಳೆಯ ಕೆಲಸವೇ, ಖಂಡಿತ ಮಾಡಲಿ. ಆದರೆ ಅದನ್ನು ಬನಕ್ಕೆ ಬದಲಿ ಎಂದು ಲೆಕ್ಕ ಬರೆಯಬಾರದು.

ಹಾವಿನ ವಿಷಯದಲ್ಲಿ ಎರಡೂ ಕಡೆ ತಪ್ಪು ತಿಳಿವಳಿಕೆಗಳಿವೆ. ನಾಗರಹಾವು ತಾನೇ ಬಿಲ ತೋಡುವುದಿಲ್ಲ. ಗೆದ್ದಲು ಕಟ್ಟಿದ ಹುತ್ತ, ಇಲಿಯ ಬಿಲ, ಬೇರಿನ ಸಂದುಗಳಲ್ಲಿ ಆಸರೆ ಪಡೆಯುತ್ತದೆ, ಮೊಟ್ಟೆಯನ್ನೂ ಅಲ್ಲೇ ಇಡುತ್ತದೆ. ತನ್ನ ಮೈಯ ಶಾಖವನ್ನು ತಾನೇ ಕಾಯ್ದುಕೊಳ್ಳಲಾರದ ಪ್ರಾಣಿಗೆ ಬೇಸಿಗೆಯಲ್ಲಿ ತಂಪಾಗಿ, ಮಳೆಗಾಲದಲ್ಲಿ ಬೆಚ್ಚಗೆ ಇರುವ ಹುತ್ತ ಬೇಕೇ ಬೇಕು. ಬಿಸಿಲಿಗೆ ಕಾದ ಗ್ರಾನೈಟ್ ಮೇಲೆ ಕಲ್ಲಿನ ನಾಗ ನಿಲ್ಲಬಲ್ಲ, ಜೀವಂತ ನಾಗರಹಾವು ನಿಲ್ಲಲಾರದು. ಹಾಲು ಅದರ ಆಹಾರವಲ್ಲ, ಇಲಿ ಕಪ್ಪೆಗಳು ಅದರ ಆಹಾರ. ಬನ ತೆಗೆದ ಮಾತ್ರಕ್ಕೆ ಹಾವುಗಳು ಊರು ಬಿಟ್ಟು ಹೋಗುವುದಿಲ್ಲ. ಇಲಿಯಿರುವ ಕಡೆಗೆ, ಎಂದರೆ ನಿಮ್ಮ ಸೌದೆ ಕೊಟ್ಟಿಗೆ, ತೆಂಗಿನ ಸಿಪ್ಪೆಯ ರಾಶಿ, ಹಟ್ಟಿಯ ಕಡೆಗೆ ಅವು ಬರುವ ಸಾಧ್ಯತೆಯೇ ಹೆಚ್ಚು. ಹಾಗೆಂದು ಬನದ ಹಾವು ಕಚ್ಚುವುದಿಲ್ಲ ಎಂಬ ಭರವಸೆಯನ್ನು ಯಾರೂ ಇಟ್ಟುಕೊಳ್ಳಬಾರದು. ಮಕ್ಕಳನ್ನು ಒಳಗೆ ಆಡಲು ಬಿಡಬೇಡಿ, ಸಂಜೆಯ ಮೇಲೆ ಟಾರ್ಚ್ ಮತ್ತು ಮುಚ್ಚಿದ ಪಾದರಕ್ಷೆಯಿಲ್ಲದೆ ಆ ಕಡೆ ಹೋಗಬೇಡಿ. ಯಾರಿಗಾದರೂ ಹಾವು ಕಚ್ಚಿದರೆ ಹರಕೆ, ನಾಟಿಮದ್ದು ಎಂದು ಒಂದು ನಿಮಿಷವನ್ನೂ ಕಳೆಯದೆ ಪ್ರತಿವಿಷ ಇರುವ ಆಸ್ಪತ್ರೆಗೆ ನೇರವಾಗಿ ಕರೆದೊಯ್ಯಿರಿ.

ಮುರಿದು ಬಿದ್ದ ಕೊಂಬೆಯ ಆತಂಕ ಮಾತ್ರ ನಿಜವಾದದ್ದು, ಅದನ್ನು ಹಗುರವಾಗಿ ನೋಡಬೇಡಿ. ಮರಗಳನ್ನು ತಿಳಿದವರಿಂದ, ಸಾಧ್ಯವಾದರೆ ಅರಣ್ಯ ಕಾಲೇಜಿನಲ್ಲಿ ಕಲಿತವರಿಂದ, ಪ್ರತಿ ಮರವನ್ನೂ ಪರೀಕ್ಷಿಸಿ. ಬುಡ ಟೊಳ್ಳಾಗಿದೆಯೇ, ಅಣಬೆ ಎದ್ದಿದೆಯೇ, ಒಣಗಿದ ಕೊಂಬೆ ಕಲ್ಲಿನ ನೇರಕ್ಕೆ ಚಾಚಿದೆಯೇ ಎಂಬುದನ್ನು ನೋಡಬೇಕು. ನನ್ನ ಅನುಭವದಲ್ಲಿ ಇಂಥ ಬಹುಪಾಲು ಕಡೆ ಒಂದೆರಡು ಕೊಂಬೆ ತೆಗೆದರೆ ಅಪಾಯ ಕಳೆಯುತ್ತದೆ, ಇಡೀ ಮರ ಉರುಳಿಸುವ ಪ್ರಮೇಯ ಅಪರೂಪ. ಒಂದು ಮರ ನಿಜಕ್ಕೂ ಬೀಳುವಂತಿದ್ದರೆ ಅದೊಂದನ್ನು ತೆಗೆಯಿರಿ. ಅದರಿಂದ ಬನ ಕೆಡುವುದಿಲ್ಲ. ಆ ಬೆಳಕಿನ ಕಿಂಡಿಯಲ್ಲಿ ಹೊಸ ಸಸಿಗಳು ಏಳುತ್ತವೆ.

ಕಾನೂನಿನ ಮಾತು ಸಂಕ್ಷೇಪವಾಗಿ. ಮೊದಲು ಪಹಣಿ ತೆಗೆಸಿ, ಬನ ಇರುವುದು ವರ್ಗ (ಸ್ವಂತ ಪಟ್ಟಾ) ಜಮೀನಿನಲ್ಲೋ ಕುಮ್ಕಿಯಲ್ಲೋ ನೋಡಿ. ನಿಮ್ಮ ಕಡೆ ಅನೇಕ ಬನಗಳು ಕುಮ್ಕಿಯಲ್ಲಿವೆ, ಕುಮ್ಕಿಯೆಂದರೆ ಸರ್ಕಾರದ ಭೂಮಿ, ಅಲ್ಲಿ ಮರ ಕಡಿದರೆ ಪ್ರಕರಣವಾಗುತ್ತದೆ. ಸ್ವಂತ ಜಮೀನಾದರೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ. ಜಮೀನು ಪಟ್ಟಾ ಆಗಿದೆ ಎಂಬ ಒಂದೇ ಕಾರಣಕ್ಕೆ ಕಾಡುಮರ ಕಡಿಯುವ ಹಕ್ಕು ತಾನಾಗಿ ಸಿಗುವುದಿಲ್ಲ. ಅಣ್ಣಂದಿರು ಗುತ್ತಿಗೆದಾರನಿಗೆ ಮುಂಗಡ ಕೊಡುವ ಮೊದಲೇ ವಲಯ ಅರಣ್ಯಾಧಿಕಾರಿಯ ಕಚೇರಿಯಲ್ಲಿ ವಿಚಾರಿಸುವುದು ಎಲ್ಲರಿಗೂ ಒಳ್ಳೆಯದು. ಆದರೆ ದೂರು ಕೊಟ್ಟು ಕೆಲಸ ನಿಲ್ಲಿಸುವುದನ್ನು ನೀವು ಕಡೆಯ ಅಸ್ತ್ರವಾಗಿಯೇ ಇಟ್ಟುಕೊಳ್ಳಿ. ದೂರಿನಿಂದ ಮರ ಒಂದು ವರ್ಷ ಉಳಿಯಬಹುದು, ಕುಟುಂಬದ ಮಾತುಕತೆ ನಿಂತುಹೋದರೆ ಮುಂದೆ ಬನವನ್ನು ನೋಡಿಕೊಳ್ಳುವವರೇ ಇರುವುದಿಲ್ಲ.

ಏನನ್ನೂ ಮಾಡದೆ ಹಾಗೆಯೇ ಬಿಡುವುದು ಪರಿಸರದ ದೃಷ್ಟಿಯಿಂದ ಸುಲಭದ ದಾರಿಯಂತೆ ಕಂಡರೂ ಪ್ರಶ್ನೆಯಲ್ಲಿ ಜೀರ್ಣೋದ್ಧಾರ ಕಂಡುಬಂದ ಮೇಲೆ ಅದು ನಡೆಯದು. ಮನೆಯಲ್ಲಿ ಯಾರಿಗೆ ಏನು ತೊಂದರೆಯಾದರೂ ಅದರ ಹೊಣೆ ನಿಮ್ಮ ತಲೆಗೆ ಬರುತ್ತದೆ. ನಾನು ಸೂಚಿಸುವುದು ಮರಗಳನ್ನು ಉಳಿಸಿಕೊಂಡೇ ಮಾಡುವ ಜೀರ್ಣೋದ್ಧಾರ. ವಾಲಿದ ಅಥವಾ ಭಿನ್ನವಾದ ಕಲ್ಲುಗಳನ್ನು ವಿಧಿಯಂತೆ ಸರಿಪಡಿಸಲಿ. ಈಗ ಕಲ್ಲುಗಳಿರುವ ಅಗಲಕ್ಕಷ್ಟೇ ಸೀಮಿತವಾದ ತಗ್ಗಿನ ಕಟ್ಟೆಯನ್ನು ಮುರಕಲ್ಲಿನಲ್ಲಿ, ಸಾಧ್ಯವಾದಷ್ಟು ಸಿಮೆಂಟ್ ಇಲ್ಲದೆ ಕಟ್ಟಲಿ. ಬುಡಕ್ಕೆ ಮಣ್ಣು ಏರಿಸುವುದು, ಬೇರು ಕತ್ತರಿಸಿ ಅಡಿಪಾಯ ತೆಗೆಯುವುದು, ಮರವನ್ನು ಸುತ್ತುವರಿದು ಕಾಂಕ್ರೀಟ್ ಹಾಕುವುದು ಇವು ಬೇಡ. ಬೇರಿಗೆ ಗಾಳಿಯಿಲ್ಲದೆ, ಮರ ಆ ವರ್ಷ ಹಸಿರಾಗಿ ಕಂಡರೂ ಕೆಲವು ವರ್ಷಗಳಲ್ಲಿ ತುದಿಯಿಂದ ಒಣಗತೊಡಗುತ್ತದೆ, ಆಗ ‘ನಾವೇನೂ ಕಡಿಯಲಿಲ್ಲವಲ್ಲ’ ಎಂದು ಎಲ್ಲರೂ ಆಶ್ಚರ್ಯಪಡುತ್ತಾರೆ. ನಡೆಯಲು ಒಂದಾಳಿನ ಅಗಲದ ಕಲ್ಲುಹಾಸಿನ ದಾರಿ ಸಾಕು. ಆವರಣ ಬೇಕೇ ಬೇಕು ಎಂದಾದರೆ ಬುಡದಲ್ಲಿ ಕಿಂಡಿಗಳಿರುವ ಮುರಕಲ್ಲಿನ ಗಿಡ್ಡ ಗೋಡೆ ಅಥವಾ ಗಿಡಗಳ ಬೇಲಿ ಆಗಬಹುದು. ಊಟದ ಚಪ್ಪರ, ವಾಹನ ನಿಲ್ಲಿಸುವ ಜಾಗ, ನೀರಿನ ತೊಟ್ಟಿ ಬನದ ಹೊರಗಿರಲಿ.

ಈ ನಡುದಾರಿಗೂ ಅಪಾಯವಿದೆ, ಅದನ್ನು ಮುಚ್ಚಿಡಲಾರೆ. ಇಂದು ಕಟ್ಟೆ, ಬರುವ ವರ್ಷ ತಗಡಿನ ಮಾಡು, ಅದರ ಮುಂದಿನ ವರ್ಷ ದೀಪದ ಕಂಬ ಎಂದು ಕೆಲಸ ಬೆಳೆಯುತ್ತಲೇ ಹೋಗುತ್ತದೆ. ಆದ್ದರಿಂದ ಯಾವ ಮರಗಳು ಉಳಿಯುತ್ತವೆ, ಕಟ್ಟಡದ ಗಡಿ ಎಲ್ಲಿಯವರೆಗೆ, ಮುಂದೆ ಬದಲಾವಣೆಗೆ ಯಾರ ಯಾರ ಒಪ್ಪಿಗೆ ಬೇಕು ಎಂಬುದನ್ನು ಕುಟುಂಬದ ಸಭೆಯಲ್ಲಿ ಬರೆದು, ಮುಂಬೈಯವರೂ ಊರಿನವರೂ ಸಹಿ ಹಾಕಬೇಕು. ಕಾರವಾರದ ಗೌಡನ ಅಪ್ಪಣೆಗಿದ್ದ ಬಲ ಈಗ ಇಂಥ ಕಾಗದಕ್ಕೆ ಬರಬೇಕಾಗಿದೆ.

ತಂತ್ರಿಗಳ ಬಳಿಗೆ ಅಣ್ಣಂದಿರ ಜೊತೆ ನೀವೂ ಹೋಗಿ. ‘ಮರ ತೆಗೆಯಬಹುದೇ’ ಎಂದು ಕೇಳಿದರೆ ತೆಗೆಯುವ ವಿಧಿಯನ್ನು ಹೇಳುತ್ತಾರೆ, ಏಕೆಂದರೆ ಕೇಳಿದ್ದು ಅದನ್ನೇ. ‘ಬನ ಇದ್ದ ಹಾಗೆಯೇ ಇದ್ದು ಕಾರ್ಯ ಆಗಬೇಕು, ಹೇಗೆ ಮಾಡುವುದು’ ಎಂದು ಕೇಳಿ. ಹೀಗೆ ಕೇಳಿದಾಗ ಬೇಡವೆಂದವರನ್ನು ನಾನು ಕಂಡದ್ದು ಬಹಳ ಕಡಿಮೆ. ನಾಗನಿಗೆ ಮರದ ನೆರಳೇ ಸೂರು ಎಂಬ ತಿಳಿವಳಿಕೆ ಕರಾವಳಿಯ ವೈದಿಕರಲ್ಲಿ ಹಲವರಿಗಿದೆ, ಭಕ್ತರ ಒತ್ತಾಯಕ್ಕೆ ಅವರು ಸುಮ್ಮನಾಗುವುದೇ ಹೆಚ್ಚು. ಉಳಿಯುವ ಹಣ ಎಲ್ಲಿಗೆ ಎಂದು ಅಣ್ಣಂದಿರು ಕೇಳಿದರೆ, ಬನದ ಅಂಚಿನ ಒಂದಷ್ಟು ಜಾಗವನ್ನು ಬಿಟ್ಟುಕೊಟ್ಟು ಬನದ್ದೇ ಬೀಜದ ಸಸಿಗಳಿಂದ ಅದನ್ನು ಅಗಲಗೊಳಿಸುವ ಕೆಲಸಕ್ಕೆ ತೊಡಗಿಸಲು ಹೇಳಿ. ನೆರಳಿನ ಅಂಚಿನಲ್ಲಿ ಧೂಪದ ಸಸಿಯೂ ಬದುಕುತ್ತದೆ. ಅವರ ಹೆಸರಿನ ಕಲ್ಲು ಬೇಕಿದ್ದರೆ ಅಲ್ಲಿ ನಿಲ್ಲಲಿ.

ದಾಖಲೆಯಲ್ಲಿ ಬನ ಸೇರುವುದೂ ಒಳ್ಳೆಯದು. 2002ರ ಜೈವಿಕ ವೈವಿಧ್ಯ ಕಾಯ್ದೆಯಂತೆ ನಿಮ್ಮ ಗ್ರಾಮ ಪಂಚಾಯತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಜನತಾ ಜೀವವೈವಿಧ್ಯ ದಾಖಲಾತಿಯನ್ನು ಇಡಬೇಕು. ಅದರಲ್ಲಿ ಬನದ ಹೆಸರು, ಮರಗಳ ಪಟ್ಟಿ ಬರೆಸಿ. ಇದರಿಂದ ಜಮೀನಿನ ಹಕ್ಕು ಬದಲಾಗುವುದಿಲ್ಲ. ದೇವನಹಳ್ಳಿಯ ಬಳಿಯ ನಲ್ಲೂರಿನ ಹುಣಸೆ ತೋಪು 2007ರಲ್ಲಿ ಜೀವವೈವಿಧ್ಯ ಪಾರಂಪರಿಕ ತಾಣವಾಯಿತು, ಆದರೆ ಅದು ಹತ್ತಾರು ಎಕರೆಯ ಮಾತು. 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ರಾಜಸ್ಥಾನದ ಓರಣಗಳನ್ನು, ಎಂದರೆ ಅಲ್ಲಿನ ದೇವರಕಾಡುಗಳನ್ನು, ಗುರುತಿಸಿ ರಕ್ಷಿಸಬೇಕೆಂದು ಆದೇಶಿಸುತ್ತ ಸಮುದಾಯ ಮೀಸಲು ಪ್ರದೇಶವಾಗಿ ಘೋಷಿಸುವ ದಾರಿಯನ್ನೂ ಸೂಚಿಸಿತು. ಹಾಗೆ ಘೋಷಿತವಾದ ಜಾಗದ ಬಳಕೆಯನ್ನು ಸರ್ಕಾರದ ಒಪ್ಪಿಗೆಯಿಲ್ಲದೆ ಬದಲಿಸಲಾಗದು. ಕುಟುಂಬದ ಸಣ್ಣ ಬನಕ್ಕೆ ಇಷ್ಟು ದೊಡ್ಡ ವ್ಯವಸ್ಥೆ ಬೇಡ, ದಾಖಲಾತಿ ಸಾಕು.

ನಿಮ್ಮ ಮಗನಿಗೆ ನಾಗದೋಷದಲ್ಲಿ ನಂಬಿಕೆ ಬರಬೇಕಾಗಿಲ್ಲ. ಬನದ ಕಟ್ಟಳೆ ಅವನಿಗೆ ಒಪ್ಪಿಗೆಯಾದರೆ ಸಾಕು. ಅದಕ್ಕೆ ಕಾರಣವಾಗಿ ಅವನು ಧೂಪದ ಬೀಜವನ್ನು ಹೇಳಲಿ, ಅಣ್ಣಂದಿರು ನಾಗನನ್ನು ಹೇಳಲಿ. ಮರಗಳ ಪಟ್ಟಿ ಮಾಡುವ ಕೆಲಸವನ್ನು ಅವನಿಗೇ ಒಪ್ಪಿಸಿ. ಹೂ, ಎಲೆ, ಕಾಯಿಗಳ ಚಿತ್ರ ತೆಗೆದು ಹತ್ತಿರದ ಕಾಲೇಜಿನ ಸಸ್ಯಶಾಸ್ತ್ರ ವಿಭಾಗಕ್ಕೆ ತೋರಿಸಿದರೆ ಹೆಸರುಗಳು ಸಿಗುತ್ತವೆ. ಆ ಪಟ್ಟಿ ಕೈಯಲ್ಲಿದ್ದರೆ ಕುಟುಂಬದ ಸಭೆಯಲ್ಲಿ ನಿಮ್ಮ ಮಾತಿಗೂ ತೂಕ ಬರುತ್ತದೆ.

ಸಭೆ ನಡೆಯುವವರೆಗೆ ಕಾಯದೆ ನೀವೇ ಮಾಡಬಹುದಾದ ಕೆಲಸವೊಂದಿದೆ. ತಂಬಿಲಕ್ಕೆ ಮುಂಚೆ ಬನವನ್ನು ‘ಸ್ವಚ್ಛ’ ಮಾಡುವ ಹೆಸರಿನಲ್ಲಿ ತರಗೆಲೆ ಗುಡಿಸಿ ಸುಡುವುದು, ಕಳೆಯೆಂದು ಎಳೆಯ ಸಸಿಗಳನ್ನು ಸವರುವುದು ಎಲ್ಲ ಕಡೆ ನಡೆಯುತ್ತಿದೆ. ಕೊಡಲಿ ಬೀಳದ ಬನಗಳೂ ಇದರಿಂದ ಒಳಗೊಳಗೇ ಮುದಿಯಾಗುತ್ತಿವೆ, ಹಳೆಯ ಮರಗಳ ಕೆಳಗೆ ಅವುಗಳ ಒಂದು ಸಸಿಯೂ ಕಾಣುವುದಿಲ್ಲ. ಈ ಸಲ ಕಲ್ಲುಗಳ ಸುತ್ತ ನಾಲ್ಕು ಅಡಿ ಮತ್ತು ನಡೆಯುವ ದಾರಿಯನ್ನಷ್ಟೇ ಗುಡಿಸಲು ಹೇಳಿ, ಗುಡಿಸಿದ ಎಲೆಯನ್ನು ಸುಡದೆ ಬನದೊಳಕ್ಕೇ ಹರಡಿಸಿ, ಕಮ್ಯುನಿಸ್ಟ್ ಗಿಡವನ್ನು ಮಾತ್ರ ಹೂ ಬಿಡುವ ಮುನ್ನ ಬೇರುಸಹಿತ ಕೀಳಿಸಿ.